ಅಂಗಳದ ಹುಲ್ಲು

ಹುಲ್ಲು ಎಂದರೆ ನಮ್ಮವರಿಗೆ ತಾತ್ಸಾರ. ಬೆಲೆಯಿಲ್ಲದ್ದನ್ನು ‘ತೃಣಸಮಾನ’ವೆನ್ನುತ್ತೇವೆ, ತನ್ನ ಅಲ್ಪತನವನ್ನು ಒಪ್ಪಿಕೊಳ್ಳುವವನು ‘ಹುಲುಮಾನವ’ನಾಗುತ್ತಾನೆ. ಆದರೆ ಹಾಗೆನ್ನುವ ಬಾಯಿ ದಿನಕ್ಕೆರಡು ಹೊತ್ತು ಉಣ್ಣುವುದು ಹುಲ್ಲಿನ ಬೀಜವನ್ನೇ. ಜೋಳ, ಸಜ್ಜೆ, ಗೋಧಿ, ಭತ್ತ ಎಲ್ಲವೂ ಹುಲ್ಲಿನ ಮನೆತನದವು. ಕಬ್ಬು ಅದೇ ಮನೆಯದು. ಬಿದಿರು ಆ ಮನೆಯ ಹಿರಿಯಣ್ಣ.

ಈ ನಂಟು ಸರಕಾರಕ್ಕೂ ಬೇಗ ಮನಸ್ಸಿಗೆ ಬರಲಿಲ್ಲ. 1927ರ ಅರಣ್ಯ ಕಾಯಿದೆ ಬಿದಿರನ್ನು ಮರಗಳ ಪಂಕ್ತಿಯಲ್ಲಿ ಕೂಡಿಸಿತ್ತು. ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲವೆಂದು ತಿದ್ದುಪಡಿಯಾದದ್ದು 2017ರಲ್ಲಿ. ಹುಲ್ಲು ತಾನು ಹುಲ್ಲೆಂದು ಸಾಧಿಸಲು ತೊಂಬತ್ತು ವರ್ಷ ಹಿಡಿಯಿತು!

ನಮ್ಮ ತಂಗಡಗಿ ಕೃಷ್ಣೆಯ ದಂಡೆಯ ಊರು. ಬಸವಣ್ಣನವರ ಮಡದಿ ನೀಲಮ್ಮ ಐಕ್ಯಳಾದ ತಾಣವೆಂದು ಭಕ್ತರು ಇಲ್ಲಿಗೆ ಬರುತ್ತಾರೆ. ಇಲ್ಲಿಯ ಎರೆಮಣ್ಣು ಮಳೆ ಬಂದರೆ ಕಾಲನ್ನು ಬಿಡದು. ಬೇಸಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಇಂಥ ಹೊಲದಲ್ಲಿ ಕರಿಕೆ ಕಿತ್ತು ಬೆನ್ನು ಬಾಗಿಸಿಕೊಂಡವರ ಮುಂದೆ, ಅಂಗಳಕ್ಕೆ ಚೆಂದಕ್ಕೆಂದು ಹುಲ್ಲು ಹಚ್ಚುತ್ತೇನೆಂದರೆ ಏನಾದೀತು? ಅವ್ವ ನಗಲಿಲ್ಲ. “ದನಾ ಇದ್ದಾಗ ಕಣಿಕಿ ಸಾಲತಿದ್ದಿಲ್ಲ. ಈಗ ದನಾ ಇಲ್ಲ, ನೋಡಾಕ ಹುಲ್ಲು ಬೇಕಾತೇನಪಾ?” ಅಂದಳು.

ಈ ಮಾತಿಗೆ ಚಟ್ಟನೆ ಕೊಡುವ ಉತ್ತರವಿಲ್ಲ. ಬರ ಬಿದ್ದ ವರ್ಷ ಮೇವಿಲ್ಲದೆ ಜೋಡೆತ್ತನ್ನು ಸಂತೆಗೆ ಹೊಡೆದ ಮನೆಗೆ, ಹುಲ್ಲಿನ ಚೆಲುವು ಎಂಬುದು ಹೊಟ್ಟೆ ತುಂಬಿದವರ ಮಾತು. ಆದ್ದರಿಂದ ಕೆಲಸವೂ ಇರುವ ಚೆಲುವೆಯಿಂದ ಆರಂಭಿಸಿದೆ. ಅವಳೇ ಲಾವಂಚ. ಮಣ್ಣು ಕೊಚ್ಚಿಹೋಗದಂತೆ ಲಾವಂಚ ಬೆಳೆಸಿರೆಂದು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಸಾರತೊಡಗಿದಾಗ, ನಮ್ಮ ಗುಂಡ್ಲುಪೇಟೆಯ ಸುತ್ತಿನ ರೈತರು ತಲೆಮಾರುಗಳಿಂದ ಅದನ್ನು ಹೊಲದ ಗಡಿಗೆ ಹಚ್ಚುತ್ತ ಬಂದದ್ದು ಅವರ ಕಣ್ಣಿಗೆ ಬಿತ್ತು. ಅದರ ಬೇರು ಪಕ್ಕಕ್ಕೆ ಹಬ್ಬಿ ನೆರೆಯವರನ್ನು ಕಾಡುವುದಿಲ್ಲ. ನೆಟ್ಟಗೆ ಹತ್ತಡಿ ಕೆಳಗಿಳಿಯುತ್ತದೆ. ಅಂಗಳದ ಇಳಿಜಾರಿನಲ್ಲಿ ಒಂದು ಸಾಲು ಸಾಕು. ಬೇರಿನ ತಟ್ಟಿಗೆ ನೀರು ಚಿಮುಕಿಸಿದರೆ ನಮ್ಮ ಮೇ ತಿಂಗಳ ಗಾಳಿಯೂ ಸ್ವಲ್ಪ ಮರ್ಯಾದೆ ಕಲಿಯುತ್ತದೆ.

ಪಟ್ಟಣದ ಸಸಿಯಂಗಡಿಗಳಲ್ಲಿ ಕುಂಡದ ಹುಲ್ಲುಗಳಿಗೆ ದೊಡ್ಡ ಹೆಸರುಗಳಿವೆ. ‘ಪರ್ಪಲ್ ಮೆಜೆಸ್ಟಿ’ ಎಂಬ ನೇರಳೆ ಎಲೆಯ ಹುಲ್ಲಿಗೆ 2003ರಲ್ಲಿ ಅಮೆರಿಕದಲ್ಲಿ ಬಂಗಾರದ ಪದಕವೇ ದೊರೆಯಿತು. ಅದರ ಚಿತ್ರವನ್ನು ಅವ್ವನಿಗೆ ತೋರಿಸಿದೆ. “ಇದು ಸಜ್ಜಿ ಅಲ್ಲೇನೋ?” ಅಂದಳು. ಹೌದು, ಸಜ್ಜೆಯೇ! ನಮ್ಮ ಹೊಲದ ಹುಡುಗಿ ರೇಶಿಮೆ ಉಟ್ಟು ಪರದೇಶದಲ್ಲಿ ಮೆರೆದದ್ದು.

ಬಿದಿರಿನ ಮಾತು ಬಂದಾಗ ಮಾತ್ರ ನಗೆ ನಿಂತಿತು. “ಮನೀ ಮುಂದ ಬಿದಿರ ಬ್ಯಾಡ, ತಮ್ಮಾ. ಸಿದಿಗಿ ನೆನಪಾಗತೈತಿ.” ಅಪ್ಪ ಹೋಗಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಇದು ವಾದಿಸಿ ಗೆಲ್ಲುವ ಮಾತಲ್ಲ. ಬುಟ್ಟಿ ಮಾರಲು ಬಂದ ಮೇದಾರ ಮುದುಕಿಯೊಬ್ಬಳು ಇದನ್ನು ಕೇಳಿ, “ತೊಟ್ಟಿಲಾನೂ ಅದರದ ಅಲ್ಲೇನವ್ವಾ? ಜ್ವಾಳಾ ಕೇರೂ ಮರಾನೂ ಅದರದ,” ಅಂದಳು. ನೀಲಮ್ಮನ ಕಾಲದ ಶರಣರಲ್ಲಿ ಬಿದಿರಿನ ಕಾಯಕದ ಮೇದಾರ ಕೇತಯ್ಯನೂ ಒಬ್ಬ. ಅವ್ವ ಸುಮ್ಮನೆ ಕೇಳಿದಳು. ಕಡೆಗೆ ರಾಜಿಯಾಯಿತು: ಬಿದಿರು ಇರಲಿ, ಹಿತ್ತಲಲ್ಲಿರಲಿ.

ಹಚ್ಚಿದ್ದು ಲಾಠಿಗೆ ಬಳಸುವ ಗಟ್ಟಿ ಜಾತಿಯ ಕಿರುಬಿದಿರು. ಒಣನಾಡಿಗೆ ಅದೇ ಲೇಸು. ಮೆಳೆಯಾಗಿ ಒಂದೆಡೆ ನಿಲ್ಲುತ್ತದೆ, ನೆಲದೊಳಗೆ ಕದ್ದು ಓಡುವುದಿಲ್ಲ. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಎರಡಡಿ ಕುಣಿ ತೋಡಿ ಗರಸು, ಗೊಬ್ಬರ ಬೆರೆಸಬೇಕು. ಗೋಡೆಯಿಂದ ದೂರವಿರಬೇಕು. ಮೊದಲ ಮೂರು ವರ್ಷ ಕುಡುಗೋಲು ತಾಕಿಸಬಾರದು.

ಬಿದಿರಿನ ಬೆಳವಣಿಗೆ ಒಂದು ವಿಚಿತ್ರ. ಮರ ವರ್ಷವರ್ಷವೂ ದಪ್ಪವಾಗುತ್ತದೆ. ಬಿದಿರಿನ ಮೊಳಕೆ ನೆಲದಿಂದ ಏಳುವಾಗಲೇ ತನ್ನ ಪೂರ್ತಿ ದಪ್ಪ ಹೊತ್ತು ಬರುತ್ತದೆ. ಒಂದೇ ಹಂಗಾಮಿನಲ್ಲಿ ತನ್ನ ಎತ್ತರ ಮುಟ್ಟಿ, ಆಮೇಲೆ ಒಳಗೊಳಗೆ ಗಟ್ಟಿಯಾಗುತ್ತದೆ. ಎಳೆಯ ಮೆಳೆಯಲ್ಲಿ ಹೋದ ವರ್ಷದ ಅಣ್ಣನಿಗಿಂತ ಈ ವರ್ಷದ ತಮ್ಮನೇ ದಪ್ಪ, ತಮ್ಮನೇ ಎತ್ತರ. ಅಣ್ಣನಿಗೆ ಅದರ ಬೇಸರವಿಲ್ಲ; ಬೇರು ಒಂದೇ.

ಇನ್ನು ಅದರ ಹೂ. ಹಲವು ದಶಕಗಳ ಮೇಲೆ ಒಮ್ಮೆ ಮೆಳೆಗೆ ಮೆಳೆಯೇ ಹೂಬಿಟ್ಟು, ಅಕ್ಕಿ ಉದುರಿಸಿ, ಒಣಗಿ ಸಾಯುತ್ತದೆ. ಮಿಜೋರಾಮಿನಲ್ಲಿ 1959ರ ಸುಮಾರಿಗೆ ಬಿದಿರಕ್ಕಿ ತಿಂದು ಹೆಚ್ಚಿದ ಇಲಿಗಳು ಬೆಳೆಗೆ ನುಗ್ಗಿ ಬರವನ್ನೇ ತಂದವು. ನನ್ನ ಹಿತ್ತಲಿನ ಮೆಳೆ ಹೂಬಿಡುವುದನ್ನು ನಾನು ನೋಡಲಾರೆ. ನೋಡುವವರು ಬೀಜ ಆರಿಸಿಕೊಂಡರೆ ಸಾಕು.

ನಾಲ್ಕನೆಯ ವರ್ಷ ಮೊದಲ ಬಿದಿರು ಕಡಿದೆವು. ಊರುಗೋಲಿಗೆ ಆದೀತೆಂದು ನಾನೆಣಿಸಿದ್ದೆ. ಅವ್ವ ಅದನ್ನೊಯ್ದು ಹೀರೇಬಳ್ಳಿಯ ಚಪ್ಪರಕ್ಕೆ ನೆಟ್ಟು, “ಮುಂದಿನ ವರ್ಷ ಇನ್ನೆರಡು ಬೇಕು” ಅಂದಳು.