ಹಳೆಯ ಮನೆಗೆ ಹೊಸ ಕೋಣೆ: ನಾಲ್ಕೂರು ಸುತ್ತಿ ಕಂಡದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದರು. ಇದ್ದ ಮನೆಗೆ ಒಂದು ಕೋಣೆ ಕೂಡಿಸಿ ನೋಡು ಅಂತ ಮಾತ್ರ ಯಾಕೆ ಹೇಳಲಿಲ್ಲವೋ! ಹೊಸ ಮನೆಯಾದರೆ ಖಾಲಿ ಜಾಗ, ನಮ್ಮ ಮನಸ್ಸಿಗೆ ಬಂದಂತೆ ಗೆರೆ ಎಳೆಯಬಹುದು. ಹಳೆಯ ಮನೆಗೆ ಕೈ ಹಚ್ಚುವುದೆಂದರೆ ಅತ್ತೆ-ಮಾವ ಬಾಳಿದ ಗೋಡೆಗೆ ಹಾರೆ ಹಾಕಿದಂತೆ. ಒಂದು ಕಡೆ ಅಗೆತ, ಇನ್ನೊಂದು ಕಡೆ ಒಲೆಯ ಮೇಲೆ ರೊಟ್ಟಿ. ಮನೆಯವರು ಎಲ್ಲಿಗೂ ಹೋಗುವಂತಿಲ್ಲ. ಆದ್ದರಿಂದ ಸೋದರಿಯರೇ, ಆ ಹಾರೆಯನ್ನು ಯಾರ ಮಾತಿನ ಮೇಲೆ ಎತ್ತಬೇಕು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಇದೇ ಹುಡುಕಾಟದಲ್ಲಿ ಹೋದ ಬೇಸಿಗೆಯಿಂದ ನಾನು ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಅಂತ ನಾಲ್ಕೂರು ಸುತ್ತಿದ್ದೇನೆ. ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮದು ಜಮಖಂಡಿ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಇದು ಪಟವರ್ಧನರ ಸಂಸ್ಥಾನದ ರಾಜಧಾನಿ. ರಾಮತೀರ್ಥದ ಗುಡ್ಡದ ಮೇಲೆ ಅರಮನೆ, ಕೆಳಗೆ ಊರು. ಹಳೆಯ ಓಣಿಗಳಲ್ಲಿ ಇನ್ನೂ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆಗಳು ಉಳಿದಿವೆ. ನಮ್ಮ ಮನೆಯೂ ಅಂಥದೇ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡಿಗೆ ಮನೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗಲೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡರೆ ನಿದ್ದೆ ಬರುತ್ತದೆ. ಆದರೆ ಬಚ್ಚಲು, ಪಾಯಖಾನೆ ಎರಡೂ ಹಿತ್ತಲಲ್ಲಿ. ಅತ್ತೆಯವರಿಗೆ ಈಗ ಎಪ್ಪತ್ತೆಂಟು. ಹೋದ ವರ್ಷ ಶ್ರಾವಣದಲ್ಲಿ ರಾತ್ರಿ ಎದ್ದು ಹೋಗುವಾಗ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ದೇವರು ದೊಡ್ಡವನು. ಅಂದಿನಿಂದ ಅವರು ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಅದು ನನಗೆ ತಡವಾಗಿ ಗೊತ್ತಾಯಿತು, ಅವರು ಹೇಳಿಕೊಳ್ಳುವವರಲ್ಲ. ಹೀಗೆ ನಡುಮನೆಗೆ ಹತ್ತಿಕೊಂಡು ಅವರಿಗೊಂದು ಕೋಣೆ, ಒಳಗೇ ಬಚ್ಚಲು ಬೇಕು ಅಂತ ನಿಶ್ಚಯವಾಯಿತು.

ಮೊದಲು ಬಂದವನು ನಮ್ಮ ಓಣಿಯ ಗೌಂಡಿ. "ವೈನಿ, ಏನೂ ಚಿಂತಿ ಮಾಡಬ್ಯಾಡ್ರಿ, ತಿಂಗಳೊಪ್ಪತ್ತಿನಾಗ ಎಬ್ಬಿಸಿ ಕೊಡ್ತೀನಿ" ಅಂದ. ಅವನ ಕೈಯಲ್ಲಿ ವಿದ್ಯೆ ಇದೆ, ಸುಳ್ಳಲ್ಲ. ಮಣ್ಣಿನ ಮಾಳಿಗೆಯ ಗುಣ ಅವನಷ್ಟು ಬಲ್ಲವರು ಈಗ ಕಡಿಮೆ. ಆದರೆ ಕಬ್ಬಿಣ ಎಷ್ಟು, ಸ್ಲ್ಯಾಬಿನ ಭಾರ ಎಲ್ಲಿ ಇಳಿಯಬೇಕು ಅಂತ ಕೇಳಿದರೆ ಅಂದಾಜು ಹೇಳುತ್ತಾನೆ. ಎರಡನೆಯವರು ಕಚೇರಿ ಇಟ್ಟವರು, ಬೋರ್ಡಿನ ಮೇಲೆ ದೊಡ್ಡ ಅಕ್ಷರ. ಊರು, ಹೆಸರು ಇಲ್ಲಿ ಬೇಡ. ಹತ್ತು ನಿಮಿಷ ನಿಂತರು, ಫೋನಿನಲ್ಲಿ ನಾಲ್ಕು ಫೋಟೋ ಹೊಡೆದರು, "ಪಡಸಾಲಿ ಕೆಡವಿ ಎಲ್ಲಾ ಕಡೆ ಸ್ಲ್ಯಾಬ್ ಹಾಕಿಬಿಡೋಣ್ರಿ" ಅಂದರು. "ಹಳೇ ಮಣ್ಣಿನ ಗ್ವಾಡಿ ಸ್ಲ್ಯಾಬ್ ತಡೀತದೇನ್ರಿ?" ಅಂತ ನಾನು ಕೇಳಿದೆ. "ಅದನ್ನೆಲ್ಲಾ ನಮಗ ಬಿಡ್ರಿ ಅಕ್ಕಾರ" ಅಂದರು. ಚಹಾ ಕೊಟ್ಟು ಕಳಿಸಿದೆವು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯ ಮೇಲೆ ಕಾಂಕ್ರೀಟು ಹೇರುವುದು ಅಪಾಯ. ಹೊಸ ಸ್ಲ್ಯಾಬು ತನ್ನದೇ ಕಂಬಗಳ ಮೇಲೆ ನಿಲ್ಲಬೇಕು. ಹಾಗೆಯೇ ಹಳೆಯ ಮಣ್ಣಿನ ಗೋಡೆಗೆ ಚೆಂದ ಕಾಣಲಿ ಅಂತ ಸಿಮೆಂಟು ಗಿಲಾವು ಮಾಡಿಸಿದರೆ ಹಸಿ ಒಳಗೇ ಉಳಿದು ನಾಲ್ಕು ಮಳೆಗಾಲದಲ್ಲಿ ಹೆಪ್ಪಳ ಹೆಪ್ಪಳವಾಗಿ ಉದುರುತ್ತದೆ. ಅದಕ್ಕೆ ಸುಣ್ಣ ಅಥವಾ ಮಣ್ಣಿನ ಗಿಲಾವೇ ಸರಿ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಆರ್ಕಿಟೆಕ್ಟ್ ಎಂಬ ಶಬ್ದವನ್ನು ಯಾರು ಬೇಕಾದವರು ಬೋರ್ಡಿನ ಮೇಲೆ ಬರೆದುಕೊಳ್ಳುವಂತಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ, ಅಂಗೀಕೃತ ಪದವಿ ಪಡೆದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಆ ಹಕ್ಕು. ಅದು ಐದು ವರ್ಷದ ಓದು. ಅವರಿಗೊಂದು ನಂಬರು ಇರುತ್ತದೆ, 'ಸಿಎ' ಅಂತ ಶುರುವಾಗಿ ಆಮೇಲೆ ವರ್ಷ, ಕ್ರಮಸಂಖ್ಯೆ. ನಾಚಿಕೊಳ್ಳದೆ ಕೇಳಿ. ಕೊಡುವವರು ನಗುತ್ತಾ ಕೊಡುತ್ತಾರೆ. ಸಿವಿಲ್ ಇಂಜಿನಿಯರರದು ಬೇರೆ ಓದು, ಅವರು ಕಂಬ, ತೊಲೆ, ಕಬ್ಬಿಣದ ಲೆಕ್ಕದವರು. ನಮ್ಮಂಥ ಸಣ್ಣ ಊರುಗಳಲ್ಲಿ ನಕ್ಷೆಯಿಂದ ಹಿಡಿದು ನಗರಸಭೆಯ ಪರವಾನಿಗೆಯವರೆಗೆ ಒಬ್ಬ ಇಂಜಿನಿಯರೇ ಮಾಡುವುದುಂಟು. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ, ಆರ್ಕಿಟೆಕ್ಟೇ ಬೇಕು ಅಂತ ಹಟ ಬೇಡ. ಆದರೆ ಯಾರೇ ಆಗಲಿ, ಅವರು ಕೂಡಿಸಿದ ಹಳೆಯ ಮನೆಗಳನ್ನು ನೋಡದೆ ಮುಂಗಡ ಕೊಡಬೇಡಿ. ಹೊಸ ಬಂಗಲೆಯ ಫೋಟೋ ತೋರಿಸಿದರೆ ಅದು ನಮ್ಮ ಕೆಲಸಕ್ಕೆ ಬಾರದು. ಅದೂ ಎರಡು ಮಳೆಗಾಲ ಕಂಡ ಕೆಲಸವನ್ನೇ ನೋಡಬೇಕು.

ಅದಕ್ಕೇ ನಾನು ಬಸ್ಸು ಹತ್ತಿದ್ದು. ಮುಧೋಳದಲ್ಲಿ ನಮ್ಮಕ್ಕ ಇದ್ದಾಳೆ. ಮುಧೋಳವೆಂದರೆ ಹೊರಗಿನವರಿಗೆ ಬೇಟೆನಾಯಿ, ಓದಿದವರಿಗೆ ರನ್ನ ಕವಿ, ನನಗೆ ಅಕ್ಕನ ಕೈಯ ಕರದಂಟು. ದಾರಿಯುದ್ದಕ್ಕೂ ಕಬ್ಬು, ಕರಿ ಎರೆ ಭೂಮಿ. ಅಕ್ಕನ ನೆರೆಯವರು ಹಳೆಯ ಮನೆಗೆ ಆತು ಒಂದು ಕೋಣೆ ಕಟ್ಟಿಸಿ ಮೂರು ವರ್ಷ. ಹಳೆಯದು ಹೊಸದು ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು, ಬೀಡಿ ತೂರಿಸುವಷ್ಟು ಅಗಲ. ಎರಡು ಸಲ ಸಿಮೆಂಟು ತುಂಬಿಸಿದ್ದಾರೆ, ಎರಡು ಸಲವೂ ಬಿಟ್ಟುಕೊಂಡಿದೆ.

ಯಾಕೆ ಹೀಗೆ? ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಹಳೆಯ ಮನೆ ಇಷ್ಟು ವರ್ಷ ಕೂತು ಕೂತು ನೆಲ ಕಚ್ಚಿರುತ್ತದೆ. ಹೊಸ ಕೋಣೆ ಈಗ ಕೂರಬೇಕು. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಕೂಡಿದಲ್ಲೇ ಸೀಳುತ್ತದೆ. ಎರೆ ದಾಟಿ ಗರಸು ಸಿಗುವವರೆಗೆ ಪಾಯಾ ಇಳಿಸಬೇಕು. ಹೊಸ ಕೋಣೆಗೆ ತನ್ನದೇ ಪಾಯಾ, ತನ್ನದೇ ಗೋಡೆ ಇರಬೇಕು. ಎರಡರ ನಡುವೆ ಒಂದು ಸಣ್ಣ ಸಂದು ಬಿಟ್ಟು ಮೇಲೆ ನೀರು ಇಳಿಯದಂತೆ ಮುಚ್ಚಬೇಕು. ಇಷ್ಟು ತಿಳಿದ ಮೇಲೆ ನಾನು ಭೇಟಿಯಾದವರಿಗೆಲ್ಲ ಒಂದೇ ಪ್ರಶ್ನೆ ಹಾಕತೊಡಗಿದೆ: "ಹಳೇದು ಹೊಸಾದು ಕೂಡೋ ಕಡೆ ಏನ್ ಮಾಡ್ತೀರಿ?" ಒಬ್ಬರು ಗಟ್ಟಿಯಾಗಿ ಸಿಮೆಂಟು ಹಾಕುತ್ತೇವೆ ಅಂದರು. ಅವರ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದೆ.

ಮುಧೋಳದ ಇನ್ನೊಂದು ಪಾಠ ನೀರಿನದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ತಗ್ಗಿನ ಓಣಿಗಳಿಗೆ ನುಗ್ಗಿದ್ದು ನೆನಪಿರಬೇಕು. ಅಕ್ಕ ಆ ನೀರು ಮುಟ್ಟಿದ ಗುರುತಿಗೆ ಗೋಡೆಯಲ್ಲಿ ಒಂದು ಮೊಳೆ ಹೊಡೆಸಿದ್ದಾಳೆ, ಸುಣ್ಣ ಬಳಿದರೂ ಗುರುತು ಹೋಗಬಾರದು ಅಂತ. ಅಂಥ ಕಡೆ ಹೊಸ ಕೋಣೆಯ ನೆಲವನ್ನು ಎತ್ತರಿಸಬೇಕೆನ್ನುತ್ತಾರೆ. ಸರಿಯೇ. ಆದರೆ ಎತ್ತರಿಸಿದರೆ ಮೆಟ್ಟಿಲು ಬಂತು, ಮೆಟ್ಟಿಲು ಬಂದರೆ ಮುದುಕರಿಗೆ ಮತ್ತೆ ಅದೇ ಕಷ್ಟ. ಇಳಿಜಾರು ಮಾಡಿಸಿದರೆ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕೆ ಜಾಗವೆಲ್ಲಿ? ಇಂಥ ಗಂಟನ್ನು ಬಿಡಿಸುವುದಕ್ಕೇ ಓದಿದವರಿಗೆ ನಾವು ದುಡ್ಡು ಕೊಡುವುದು.

ಬೀಳಗಿ ಕಡೆಯ ಕಥೆ ಬೇರೆ. ನಮ್ಮ ನಾದಿನಿಯ ಮನೆ ಇರುವುದು ಅಲ್ಲಿಯ ಒಂದು ಪುನರ್ವಸತಿ ಕೇಂದ್ರದಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಊರು ಕೊಟ್ಟು ಬಂದವರು ಅವರು. ಒಂದೇ ಅಳತೆಯ ಪ್ಲಾಟು, ಸಾಲು ಸಾಲು. ಬಂದಾಗ ಚಿಕ್ಕವರಿದ್ದ ಮಕ್ಕಳಿಗೆ ಈಗ ಮದುವೆಯಾಗಿದೆ. ಹಾಗಾಗಿ ಒಬ್ಬೊಬ್ಬರೂ ಒಂದೊಂದು ರೀತಿ ಮನೆ ಬೆಳೆಸಿದ್ದಾರೆ. ಒಬ್ಬರು ಮುಂದೆ ಪತ್ರಾಸು ಇಳಿಸಿದ್ದಾರೆ, ಒಬ್ಬರು ಹಿಂದಿನ ಕಿಡಕಿ ಮುಚ್ಚಿ ಕೋಣೆ ಮಾಡಿ ನಡುಮನೆಗೆ ಹಗಲೇ ದೀಪ ಹಚ್ಚುವಂತಾಗಿದೆ. ಆ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಏನು ಮಾಡಬೇಕು, ಏನು ಮಾಡಬಾರದು ಎರಡೂ ಕಣ್ಣಿಗೆ ಬೀಳುತ್ತವೆ. ಬಾಲಕೃಷ್ಣ ದೋಶಿಯವರ ಹೆಸರು ನೀವು ಕೇಳಿರಬಹುದು. ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ 2018ರಲ್ಲಿ ಸಿಕ್ಕಿದ್ದು ಅವರಿಗೆ, ಭಾರತೀಯರಲ್ಲಿ ಮೊದಲಿಗರು. ಅವರು 1980ರ ದಶಕದಲ್ಲಿ ಇಂದೋರಿನ ಅರಣ್ಯ ಬಡಾವಣೆಯನ್ನು ಯೋಜಿಸಿದಾಗ, ಬಡವರಿಗೆ ಸಣ್ಣದಾಗಿ ಶುರು ಮಾಡಿ ಕೈಯಲ್ಲಿ ದುಡ್ಡು ಬಂದಂತೆ ತಾವೇ ಬೆಳೆಸಿಕೊಳ್ಳುವ ಮನೆಗಳನ್ನು ಕಲ್ಪಿಸಿದರು. ಮನೆ ಬೆಳೆಯುತ್ತದೆ ಅಂತ ಮೊದಲೇ ಯೋಚಿಸಿದವರು ಎಷ್ಟು ಜನ ಇದ್ದಾರು!

ಬೀಳಗಿಯವರು ಕೇಳಲೇಬೇಕಾದ ಇನ್ನೊಂದು ಮಾತಿದೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತು ಬಹಳ ವರ್ಷಗಳಿಂದ ನಡೆದಿದೆ. ನಿಮ್ಮ ಮನೆ ಆ ಮುಳುಗಡೆಯ ಗೆರೆಯೊಳಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಪುನರ್ವಸತಿ ಕಚೇರಿಯಲ್ಲಿ ತಿಳಿದುಕೊಳ್ಳದೆ ಇಟ್ಟಿಗೆ ಇಳಿಸಬೇಡಿ. ನಾದಿನಿಯ ಗುರುತಿನವರು ನದಿ ಕಡೆಯ ಹಳ್ಳಿಯಲ್ಲಿ ಮನೆಗೆ ಕೈ ಹಚ್ಚಲು ಹೊರಟಾಗ, ನಕ್ಷೆ ಬರೆಯಲು ಬಂದ ಇಂಜಿನಿಯರು ಮೊದಲು ಕೇಳಿದ್ದೇ ಇದನ್ನಂತೆ. ಆ ಕೆಲಸ ನಿಂತಿತು, ಅವರ ಸಂಪಾದನೆ ಹೋಯಿತು. ಆದರೂ ಕೇಳಿದರಲ್ಲ! ಅವರ ಹೆಸರನ್ನು ಬರೆದುಕೊಂಡು ಬಂದೆ.

ಬನಹಟ್ಟಿ ನನ್ನ ತವರು. ರಬಕವಿ, ಬನಹಟ್ಟಿ ಎರಡು ಊರಾದರೂ ನಗರಸಭೆ ಒಂದೇ, ಕಿವಿಗೆ ಬೀಳುವ ಸದ್ದೂ ಒಂದೇ: ಮಗ್ಗದ್ದು. ನಾನು ಚಿಕ್ಕವಳಿದ್ದಾಗ ಪಡಸಾಲೆಯಲ್ಲೇ ಕುಣಿಮಗ್ಗ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಆಮೇಲೆ ವಿದ್ಯುತ್ ಮಗ್ಗ ಬಂತು. ಅದು ನಡೆದಾಗ ಗೋಡೆಯೇ ನಡುಗುತ್ತದೆ, ಗೂಡಿನಲ್ಲಿಟ್ಟ ಬಟ್ಟಲು ಸರಿಯುತ್ತದೆ. ನಾಲ್ಕು ವರ್ಷದ ಹಿಂದೆ ಅಣ್ಣ ಮನೆಯ ಹಿಂದೆ ಮಗ್ಗದ ಕೋಣೆ ಕೂಡಿಸಿದ. ನಕ್ಷೆ ಬರೆದದ್ದು ಅದೇ ಊರಿನ ನೇಕಾರರ ಮನೆಯ ಹುಡುಗಿ, ಹೊರಗೆ ಹೋಗಿ ಆರ್ಕಿಟೆಕ್ಟ್ ಓದಿ ಬಂದವಳು. "ಒಂದು ದಿನ ಪೂರ್ತಿ ಮಗ್ಗದ ಬಾಜೂಕ ಕುಂತಿದ್ಲವ್ವ" ಅಂತ ಅಣ್ಣ ಹೇಳಿದ. ಮಗ್ಗ ಕೂರುವ ಜಾಗಕ್ಕೆ ಗೋಡೆಯ ಪಾಯಾಕ್ಕೆ ತಗಲದಂತೆ ಬೇರೆಯೇ ಕಾಂಕ್ರೀಟು ಹಾಕಿಸಿದ್ದಾಳೆ. ಬಿಸಿಲು ನೇರ ಬೀಳದೆ ಬೆಳಕು ಮಾತ್ರ ಬರುವ ಹಾಗೆ ಉತ್ತರಕ್ಕೆ ಎತ್ತರದ ಕಿಡಕಿ. ಮಗ್ಗ ನಡೆಯುತ್ತಿರುವಾಗಲೇ ನಾನು ಹಳೆಯ ಗೋಡೆಗೆ ಅಂಗೈ ಹಚ್ಚಿ ನೋಡಿದೆ. ನಡುಕ ತೀರ ಕಡಿಮೆ. ಕೂಡಿದ ಮೂಲೆಯಲ್ಲಿ ಬಿರುಕಿಲ್ಲ. ಅಲ್ಲಿಗೆ ನನ್ನ ಮನಸ್ಸು ನಿಂತಿತು.

ಆಕೆ ಜಮಖಂಡಿಗೆ ಬಂದು ಮೂರು ತಾಸು ಇದ್ದಳು. ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಯಜಮಾನರನ್ನೂ ಅಲ್ಲ, ಅತ್ತೆಯವರನ್ನು. "ಅಮ್ಮಾರ, ರಾತ್ರಿ ಎಷ್ಟು ಸಲ ಏಳ್ತೀರಿ? ಎಡಗೈ ಹಿಡೀತೀರೋ ಬಲಗೈಯೋ?" ಆಮೇಲೆ ಟೇಪು ಹಿಡಿದು ಹಳೆಯ ಮನೆಯ ಒಂದೊಂದು ಗೋಡೆ ಅಳೆದಳು, ಮಾಳಿಗೆ ಹತ್ತಿ ಮಳೆನೀರು ಎಲ್ಲಿ ಬೀಳುತ್ತದೆ ನೋಡಿದಳು. ಹೊಸ ಸ್ಲ್ಯಾಬಿನ ನೀರು ಹಳೆಯ ಮಾಳಿಗೆಗೆ ಹರಿಯಬಾರದಲ್ಲ. ವಾಸ್ತುವಿನ ಬಗ್ಗೆ ಅತ್ತೆಯವರು ಎರಡು ಮಾತು ಹೇಳಿದರು. ಒಂದನ್ನು ನಡೆಸಿಕೊಟ್ಟಳು, ಇನ್ನೊಂದಕ್ಕೆ ಗಾಳಿ ಬರುವುದಿಲ್ಲ ಅಂತ ತಿಳಿಸಿ ಹೇಳಿದಳು. ಅವರು ಒಪ್ಪಿದರು. ನನಗೆ ಆಶ್ಚರ್ಯ!

ಇನ್ನೊಂದು ಉಪಾಯವನ್ನು ನೀವೂ ಮಾಡಿ ನೋಡಿ, ಖರ್ಚಿಲ್ಲ. ನಕ್ಷೆ ತಂದ ದಿನ ಹಿತ್ತಲಲ್ಲಿ ರಂಗೋಲಿ ಹಿಟ್ಟಿನಿಂದ ಕೋಣೆಯನ್ನು ನಿಜವಾದ ಅಳತೆಯಲ್ಲೇ ಹಾಕಿದೆವು, ಬಾಗಿಲಿಗೆ ಜಾಗ ಬಿಟ್ಟು. ಒಳಗೆ ಅತ್ತೆಯವರ ಮಂಚ, ಟ್ರಂಕು, ಒಂದು ಕುರ್ಚಿ ತಂದಿಟ್ಟೆವು. ಕಾಗದದ ಮೇಲೆ ದೊಡ್ಡದಾಗಿ ಕಂಡ ಕೋಣೆಯಲ್ಲಿ ಮಂಚದ ಪಕ್ಕ ಒಬ್ಬರು ಕೈಹಿಡಿದು ನಡೆಸುವಷ್ಟು ಹಾದಿಯೇ ಇಲ್ಲ. ಆಕೆ ಅಲ್ಲೇ ಕೂತು ಒಂದೂವರೆ ಅಡಿ ಅಗಲಿಸಿದಳು. ಗೋಡೆ ಎದ್ದ ಮೇಲೆ ಆ ಒಂದೂವರೆ ಅಡಿ ಎಲ್ಲಿಂದ ತರುವುದು?

ದುಡ್ಡಿನ ಮಾತು ಬಾಯಲ್ಲಿ ಬೇಡ, ಕಾಗದದಲ್ಲಿರಲಿ. ಕೆಲವರು ಒಟ್ಟು ಖರ್ಚಿನ ಮೇಲೆ ಶೇಕಡಾ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ಕೆಲವರು ಚದರಡಿಗೆ, ಕೆಲವರು ಒಂದೇ ಮೊತ್ತ. ಸಣ್ಣ ಕೆಲಸಕ್ಕೆ ಒಂದೇ ಮೊತ್ತ ಒಳ್ಳೆಯದು. ಖರ್ಚು ಹೆಚ್ಚಾದರೆ ಅವರ ಫೀಯೂ ಹೆಚ್ಚುವ ಭಯವಿಲ್ಲ. ನಕ್ಷೆಗೆ ಇಷ್ಟು, ಪರವಾನಿಗೆ ಕೈಗೆ ಬಂದಾಗ ಇಷ್ಟು, ಸ್ಲ್ಯಾಬಿಗೆ ಇಷ್ಟು ಅಂತ ಕಂತು ಮಾಡಿಕೊಳ್ಳಿ. ಕೆಲಸದ ಜಾಗಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದನ್ನೂ ಬರೆಸಿ. ಕಬ್ಬಿಣದ ನಕ್ಷೆ, ನೀರು ಮತ್ತು ಕರೆಂಟಿನ ನಕ್ಷೆ ಬೇರೆ ಬೇರೆ ಕೊಡಬೇಕು. ಉತಾರ, ಸಿಟಿ ಸರ್ವೆಯ ನಕಲು ಮೊದಲೇ ತೆಗೆಸಿಡಿ. ಉತಾರದಲ್ಲಿ ಮಾವನವರ ಹೆಸರೇ ಇದ್ದರೆ ಅದನ್ನು ಬದಲಿಸಲು ಹೆಚ್ಚು ದಿನ ಹಿಡಿಯುತ್ತದೆ.

ನಮ್ಮಲ್ಲಿ ಪಾಯಾ ಅಗೆದದ್ದಾಗಿದೆ. ಗರಸು ಸಿಕ್ಕಿದ್ದು ಐದೂವರೆ ಅಡಿಗೆ. ನಾಲ್ಕಡಿ ಸಾಕು ಅಂದಿದ್ದ ಗೌಂಡಿ ಈಗ ಮಾತಾಡುವುದಿಲ್ಲ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿದ್ದಾನೆ. ಬಚ್ಚಲಿಗೆ ಪಾಲಿಶ್ ಇಲ್ಲದ ಶಹಾಬಾದ ಫರಸಿ, ಹೊಸ್ತಿಲಿಲ್ಲ, ಬಲಗೈಗೆ ಹಿಡಿಕೆ. ಬಾಗಿಲು ಹೊರಕ್ಕೆ ತೆರೆಯಬೇಕು ಅಂತ ಹುಡುಗಿ ಹೇಳುತ್ತಾಳೆ, ಒಳಗೆ ಯಾರಾದರೂ ಬಿದ್ದರೆ ಮೈ ಅಡ್ಡವಾಗಿ ಬಾಗಿಲು ತೆರೆಯಲು ಬರುವುದಿಲ್ಲವಂತೆ. "ಬಚ್ಚಲ ಬಾಗಲಾ ಹೊರಗ ತೆರದಿಟ್ರ ಬಂದ ಮಂದಿ ಏನಂದಾರು?" ಅಂತ ಅತ್ತೆಯವರು. ಆ ಚರ್ಚೆ ಇನ್ನೂ ನಡೆದಿದೆ.