ಆರು ತಂತಿ, ಅರ್ಧ ಮುಂಗಡ

ಆಸೆಗೆ ಅಳತೆ ಉಂಟೇ ಓದುಗರೇ? ನನ್ನದಕ್ಕೆ ಉಂಟು: 25.5 ಇಂಚು! 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನ ತಂತಿ ಮಿಡಿಯುವ ಉದ್ದ ಅದು. ಅದೇ ಅಳತೆ, ಮೂರು ಪಿಕಪ್, ಕಡುನೀಲಿ ಬಣ್ಣ. ಹೇಳಿ ಮಾಡಿಸಲು ಹೊರಟೆ. ಪಿ.ಯು.ಸಿ. ಬಿಟ್ಟವನ ಲೇಖನಗಳ ಸಂಭಾವನೆಯೆಲ್ಲ ಅರ್ಧ ಮುಂಗಡಕ್ಕೇ ಸರಿ!

"ಕತ್ತು ದಪ್ಪ ಇರ್ಬೇಕೋ, ತೆಳ್ಳಗೋ?" ಗಿಟಾರ್ ಮಾಡುವ ಹಿರಿಯರು ಕೇಳಿದರು. ನಾನು ತಬ್ಬಿಬ್ಬು.

"ಅಳತೆ ಕೊಟ್ಟು ಹೊಲಿಸಿದ ಅಂಗಿ ಇದ್ದಂಗೆ ಕಣಪ್ಪಾ, ವಾಪಸ್ ತಗೊಳ್ಳಲ್ಲ."

ಮನೆಯಲ್ಲಿ ತಂಗಿಯ ಕಾಲೇಜು ಫೀಜು ಬಾಕಿ. ನಾನು ಬಿಟ್ಟ ಓದನ್ನು ಅವಳಾದರೂ ಮುಗಿಸಬೇಡವೇ? ಹಣ ಅವಳ ಕೈಗಿತ್ತೆ.

"ಗಿಟಾರ್ ಏನಾಯ್ತಣ್ಣಾ?"

"ಇನ್ನೂ ಅಳತೆ ಕೊಟ್ಟಿಲ್ಲಮ್ಮ."

ಸದ್ಯಕ್ಕೆ ಗೆಳೆಯನ ಹಳೇ ಗಿಟಾರ್ ಎರವಲು ತಂದಿದ್ದೇನೆ. ದಪ್ಪವೋ ತೆಳುವೋ, ಮೊದಲು ಬೆರಳುಗಳೇ ಹೇಳಲಿ!