ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಆಕಾಶಮಾರ್ಗದ ದೂರ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ದಾರಿ ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗುವಂತೆ ಕಾಣುತ್ತದೆ. ವಿಮಾನ ಅತ್ತ ಸುಳಿಯುವುದೂ ಇಲ್ಲ. ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿದೆ. ಒಂದು ಭೂಮಿಯ ಈ ಮಗ್ಗುಲಲ್ಲಿದ್ದರೆ ಇನ್ನೊಂದು ಹೆಚ್ಚುಕಡಿಮೆ ಆ ಮಗ್ಗುಲಲ್ಲಿ. ಗ್ಲೋಬಿನ ಮೇಲೆ ಇವೆರಡರ ನಡುವೆ ದಾರ ಬಿಗಿದರೆ ಅದು ಟಿಬೆಟ್, ಚೀನಾ, ಸೈಬೀರಿಯಾಗಳನ್ನು ಹಾದು 71 ಡಿಗ್ರಿ ಉತ್ತರದವರೆಗೂ ಏರಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಹತ್ತಿರದ ದಾರಿ ಹಿಮದ ಸೀಮೆಯಲ್ಲಿದೆ.

ಎರಡು ಎಂಜಿನ್ನಿನ ವಿಮಾನಕ್ಕೆ ಈ ಸೀಮೆಯಲ್ಲಿ ಕಟ್ಟುಪಾಡುಗಳಿವೆ. ಒಂದು ಎಂಜಿನ್ ಕೈಕೊಟ್ಟರೂ ನಿಗದಿತ ಸಮಯದೊಳಗೆ ಇಳಿಯಲು ದಾರಿಯುದ್ದಕ್ಕೂ ಯಾವುದಾದರೊಂದು ನಿಲ್ದಾಣ ಎಟುಕುವಂತಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ಹೀಗೆಯೇ. ಇನ್ನು ಚಳಿ: ಜೆಟ್ ಎ-1 ಇಂಧನ ಹೆಪ್ಪುಗಟ್ಟದೆ ಉಳಿಯುವ ಮಿತಿ ಸೊನ್ನೆಗಿಂತ 47 ಡಿಗ್ರಿ ಕೆಳಗೆ. ಹೊರಗಿನ ಗಾಳಿ ಅದಕ್ಕೂ ತಣ್ಣಗಿರುವುದುಂಟು. ಆದ್ದರಿಂದ ಪೈಲಟ್‌ಗಳು ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ.

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆಂಬ ಶಾಲೆಯ ಲೆಕ್ಕ ಇಲ್ಲಿ ಅರ್ಧ ಮಾತ್ರ ನಿಜ. ಗಂಟೆಗೆ 900 ಕಿಲೋಮೀಟರ್ ಎಂಬುದು ಗಾಳಿಯೊಳಗಿನ ವೇಗ; ಆ ಗಾಳಿಯೇ ಓಡುತ್ತಿರುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಬಿರುಸಾಗಿ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉದ್ದವಾಯಿತು, ಪ್ರಯಾಣದ ಹೊತ್ತು ಕಡಿಮೆಯಾಯಿತು. ಸುತ್ತು ದಾರಿಯೇ ಬೇಗ ಮುಟ್ಟಿಸುವ ಇಂಥ ಲೆಕ್ಕ ಬಸ್ ನಿಲ್ದಾಣದಲ್ಲಿ ಹೇಳಿದರೆ ಯಾರೂ ನಂಬಲಾರರು.

ಬೆಂಗಳೂರಿನ ನೇರ ಸೇವೆ ಶುರುವಾದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಬೋಯಿಂಗ್ 777 ಉತ್ತರ ಧ್ರುವದ ಮೇಲಿಂದ ಹಾರಿ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರು ಸೇರಿತು. 9ರ ಶನಿವಾರ ರಾತ್ರಿ ಹತ್ತಿದ ಪ್ರಯಾಣಿಕರು ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಒಂದು ಇಡೀ ಭಾನುವಾರ ಹಾದಿಯಲ್ಲೇ ಕರಗಿಹೋಗಿತ್ತು.

ಹೋಗುವಾಗ ಗಡಿಯಾರ ಉದಾರಿ. ಚಳಿಗಾಲದಲ್ಲಿ ಎರಡೂ ಊರುಗಳ ನಡುವಿನ ಸಮಯದ ಅಂತರ ಹದಿಮೂರೂವರೆ ಗಂಟೆ. ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದ ವಿಮಾನ ಅಲ್ಲಿ ಅದೇ ದಿನ ಸಂಜೆ ಐದಕ್ಕೆ ಇಳಿಯುತ್ತದೆ. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ, ನವೆಂಬರ್‌ನಲ್ಲಿ ಮತ್ತೆ ಮೊದಲಿನಂತಾಗುತ್ತದೆ.